ಪ್ರಶ್ನೆ ಕೇಳಿದ ಮೇಲಿನ ಮೌನ

ಹನೂರಿನ ಪ್ರೌಢಶಾಲೆಯಲ್ಲಿ ‘ಶಬ್ದ’ ಪಾಠ ಮಾಡುವಾಗಲೂ ನನ್ನ ಎಡಗಿವಿ ಗುಂಯ್ ಎನ್ನುತ್ತಿತ್ತು. ಟಿನಿಟಸ್, ಎರಡು ವರ್ಷದ್ದು. ಪ್ರಶ್ನೆ ಕೇಳಿ ತರಗತಿ ಸುಮ್ಮನಾದರೆ ಅದು ಇನ್ನೂ ಜೋರು. ಹಾಗಾಗಿ ಉತ್ತರವನ್ನೂ ನಾನೇ ಹೇಳಿಬಿಡುತ್ತಿದ್ದೆ. ‘ಮಕ್ಕಳಿಗೆ ಯೋಚಿಸಲು ಬಿಡಿ’ ಎಂದು ಮಾರ್ಗದರ್ಶಕರು ಮೂರು ಸಲ ಬರೆದರು. ಕಾರಣ ಹೇಳಲು ನಾಚಿಕೆಯಾಯಿತು.

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ 25 ಪ್ರಶ್ನೆಗಳ ಹಾಳೆ ಕೊಟ್ಟರು. ಹೌದು ಎಂದರೆ 4, ಕೆಲವೊಮ್ಮೆ 2, ಇಲ್ಲ 0. ಅದು ಅಳೆಯುವುದು ಸದ್ದನ್ನಲ್ಲ, ಸದ್ದು ಕೊಡುವ ತೊಂದರೆಯನ್ನು. ನನ್ನದು 58. 20 ಅಂಕವಾದರೂ ಇಳಿದರೆ ಬದಲಾವಣೆ ಎನ್ನಬಹುದು ಎಂದರು. ದಿನವೂ ಅಳೆದರೆ ಗಮನವೆಲ್ಲ ಕಿವಿಗೇ ಹೋಗುತ್ತದೆ. ಮೂರು ತಿಂಗಳಿಗೊಮ್ಮೆ ಸಾಕು. ರಾತ್ರಿ ಫ್ಯಾನಿನ ಸದ್ದು ಜೊತೆಗಿರಲಿ.

ಒಂಬತ್ತು ತಿಂಗಳಿಗೆ 36. ಗುಂಯ್ ಮಾತ್ರ ಹಾಗೇ ಇದೆ. ಯಳಂದೂರಿನ ಶಾಲೆಯಲ್ಲಿ ಪ್ರಶ್ನೆ ಕೇಳಿ ಮನಸ್ಸಿನಲ್ಲೇ ಐದರವರೆಗೆ ಎಣಿಸತೊಡಗಿದೆ. ನಾಲ್ಕಕ್ಕೆ ಹಿಂದಿನ ಬೆಂಚಿನ ಹುಡುಗಿ ಕೈಯೆತ್ತಿದಳು.