ಓರೆಬೆಳಕು

ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಏಳನೆಯ ಶತಮಾನದ ನಿಸಿಧಿ ಶಾಸನಗಳಿವೆ. ಅವುಗಳ ಛಾಯಾಚಿತ್ರಣವನ್ನು ವ್ರತದಂತೆ ನಡೆಸಿಕೊಂಡು ಬಂದ ಅಧ್ಯಾಪಕರೊಬ್ಬರ ಕ್ಯಾಮೆರಾ 12 ವರ್ಷ ಹಳೆಯದು. ಫುಲ್‌ಫ್ರೇಮ್ ಕ್ಯಾಮೆರಾಕ್ಕೆಂದು ಅವರು ಒಂದೂವರೆ ಲಕ್ಷ ರೂಪಾಯಿ ಕೂಡಿಟ್ಟಿದ್ದರು. ಅದೇ ವರ್ಷ ಮಗಳಿಗೆ ಎಂಜಿನಿಯರಿಂಗ್ ಸೀಟು ದೊರೆಯಿತು. ಮಗನೂ ಪಿಯುಸಿ ಮುಗಿಸುವುದರಲ್ಲಿದ್ದ.

ಸವೆದ ಅಕ್ಷರ ಮರಳಿ ಬಾರದು. ಕೈಬಿಟ್ಟ ಸೀಟೂ ಹಾಗೆಯೇ. ಈ ತೂಗುಯ್ಯಾಲೆಯಲ್ಲಿ ಅವರು 'ಎಪಿಗ್ರಾಫಿಯ ಕರ್ನಾಟಿಕ'ದ ಎರಡನೆಯ ಸಂಪುಟವನ್ನು ತೆರೆದರು. 1889ರಲ್ಲಿ ಬಿ. ಎಲ್. ರೈಸ್ ಪ್ರಕಟಿಸಿದ ಶಾಸನಗಳು 144, 1923ರಲ್ಲಿ ಆರ್. ನರಸಿಂಹಾಚಾರ್ಯರ ಪರಿಷ್ಕರಣದಲ್ಲಿ ಅವು 500 ಆದವು. ಆ ಕಾಲದ ವಿದ್ವಾಂಸರಿಗೆ ಒದಗಿದ್ದು ಒದ್ದೆ ಕಾಗದ, ಕುಂಚ, ಮಸಿ. ಹಲವು ಅಕ್ಷರಗಳು ಆಗಲೇ ಕಾಗದಕ್ಕೆ ಇಳಿದು ಉಳಿದಿದ್ದವು. ಮಗಳ ಓದಿಗೆ ಅಂಥ ಪೂರ್ವಸಂಪುಟವಿರಲಿಲ್ಲ.

ಆಳವಿಲ್ಲದ ಕೆತ್ತನೆಯನ್ನು ಎತ್ತಿ ತೋರಿಸುವುದು ಮಸೂರಕ್ಕಿಂತ ಹೆಚ್ಚಾಗಿ ಓರೆಬೆಳಕು. ಒಂದು ಕೈದೀಪವನ್ನಷ್ಟೇ ಕೊಂಡು, ಉಳಿದ ಹಣವನ್ನು ಅವರು ಕಾಲೇಜಿಗೆ ಕಟ್ಟಿದರು. ಸಂಜೆಯ ಬಿಸಿಲು ಬಂಡೆಗೆ ಓರೆಯಾಗಿ ಬೀಳುವ ಹೊತ್ತಿಗೆ ಈಗಲೂ ಬೆಟ್ಟದ ಮೇಲಿರುತ್ತಾರೆ. ಕೆಲವು ಅಕ್ಷರಗಳು ಹಳೆಯ ಕ್ಯಾಮೆರಾಕ್ಕೆ ಇನ್ನೂ ದಕ್ಕಿಲ್ಲ. ಆ ಕೊರತೆಯನ್ನು ಅವರು ಮನೆಯಲ್ಲಿ ಆಡಿಲ್ಲ.