ಬೀಸುಕಲ್ಲಿನ ದೆವ್ವ

ಹುಣಸಿಗಿಡದ ದೆವ್ವದ ಕಥಿ ನನಗ ಅಷ್ಟೇನ ರುಚಿ ಅನಸೂದಿಲ್ಲ ನೋಡ್ರಿ. ದಿನಾ ಕೈಯಾಗ ಹಿಡಿಯೋ ಸಾಮಾನದಾಗ ದೆವ್ವ ಇರಬೇಕು. 1990ರ ದಶಕದಾಗ ಬಾಗಲ ಮ್ಯಾಲ ‘ನಾಳೆ ಬಾ’ ಅಂತ ಬರೀತಿದ್ದದ್ದು ನಿಮಗ ನೆನಪಿರಬೇಕು. ಅದು ಹೊರಗಿನ ದೆವ್ವ, ಬಂತು, ಹೋತು. ನನ್ನ ತವರಮನಿ ಬೀಸುಕಲ್ಲಿಂದು ಹಂಗಲ್ಲ.

ಅಮಾಸಿ ರಾತ್ರಿ ಕಲ್ಲು ತಾನ ತಿರಗತೈತಿ, ಬಾಣಂತನದಾಗ ಸತ್ತ ತನ್ನ ನೆಗೆಣ್ಣಿ ಬಂದು ಜ್ವಾಳ ಬೀಸ್ತಾಳ ಅಂತ ಅಜ್ಜಿ ಹೇಳ್ತಿದ್ಲು. ನಾವು ಕೌದಿ ಹೊತಗೊಂಡು ಕಿವಿಗೊಟ್ಟು ಮಲಗತಿದ್ವಿ. ಗರಗರ ಸಪ್ಪಳ ಕೇಳಿಸಿದಂಗ ಆಗತಿತ್ತು. ಅಪ್ಪ "ಇಲಿ ಅದು, ಸುಮ್ಕ ಮಲಕೋರಿ" ಅಂದ್ರ ನಮಗ ಸಿಟ್ಟು. ಅಜ್ಜಿ ಕಲ್ಲಿನ ಬಾಯಾಗ ಒಂದ ಹಿಡಿ ಜ್ವಾಳ ಹಾಕಿಡತಿದ್ಲು, ಮುಂಜಾನೆ ಇರತಿರಲಿಲ್ಲ. ಇಲೀನ ತಿಂದಿರಬೇಕು ಬಿಡ್ರಿ.

ಆದ್ರ ಆ ಸಣ್ಣಜ್ಜಿದು ಒಂದು ಫೋಟೋ ಇಲ್ಲ, ಒಂದು ಸೀರಿ ಇಲ್ಲ, ಆಕಿ ಹೆಸರು ಇಟ್ಟ ಕೂಸೂ ಇಲ್ಲ. ನಸಕಿನ್ಯಾಗ ಎದ್ದು ಹಾಡಕೋತ ಬೀಸಿದ ಆ ಕಲ್ಲು, ಈ ಕಥಿ, ಎರಡ ಉಳದಾವು.

ತವರಮನಿ ಕೆಡವಿದಾಗ ಕಲ್ಲು ನಾ ತಂದಿದ್ದೆ. ಹೋದ ವರ್ಷ ಫ್ಲ್ಯಾಟಿಗೆ ಬರೂಮುಂದ ಮಗ, "ಅವ್ವಾ, ಮಿಕ್ಸರ್ ಐತೆಲ್ಲ, ಇದ್ಯಾಕ?" ಅಂದ. ಜಗಳಾನ ಆತು. ಹಮಾಲರ ರೊಕ್ಕ ನಾನ ಕೊಟ್ಟು ಹೊರಿಸಿದೆ.

"ಅತ್ತಿ, ಕೂಸಿಗೆ ಆ ಕಥಿ ಹೇಳಬ್ಯಾಡ್ರಿ, ಅಂಜತಾಳ" ಅಂದಿದ್ಲು ಸೊಸಿ. ಹೇಳೇಬಿಟ್ಟೆ. ಮೊನ್ನೆ ಅಮಾಸಿ ರಾತ್ರಿ ಮೊಮ್ಮಗಳು ನನ್ನ ಹಾಸಿಗ್ಯಾಗ ಬಂದು ಹೊಕ್ಕೊಂಡು ಕಿವ್ಯಾಗ ಕೇಳಿದ್ಲು: "ಅಜ್ಜಿ, ಜ್ವಾಳ ಹಾಕಿಯಿಲ್ಲ?"