ಸವ್ಯಸಾಚಿಯ ಒಂದು ಕೈ: ಪುಣೆಯ ಚಂದು ಬೋರ್ಡೆ

ಕ್ರಿಕೆಟ್ಟಿನ 'ಆಲ್‌ರೌಂಡರ್' ಎಂಬ ಮಾತಿಗೆ ಕನ್ನಡದ ಪತ್ರಿಕೆಗಳು 'ಸವ್ಯಸಾಚಿ' ಎಂಬ ಶಬ್ದವನ್ನು ಬಳಸುತ್ತ ಬಂದಿವೆ. ವಿರಾಟಪರ್ವದಲ್ಲಿ ಅರ್ಜುನನು ಉತ್ತರಕುಮಾರನಿಗೆ ತನ್ನ ಹತ್ತು ಹೆಸರುಗಳ ಅರ್ಥವನ್ನು ಬಿಡಿಸಿ ಹೇಳುವಾಗ, ಎರಡೂ ಕೈಗಳಿಂದ ಗಾಂಡೀವವನ್ನು ಸೆಳೆಯಬಲ್ಲವನಾದ್ದರಿಂದ ತನಗೆ ಈ ಹೆಸರು ಬಂದಿತೆನ್ನುತ್ತಾನೆ. ಅನುವಾದವಾಗಿ ಇದು ಇಂಗ್ಲಿಷ್ ಮೂಲಕ್ಕಿಂತಲೂ ಸೊಗಸಾಗಿದೆ. ಆದರೆ ಅದರೊಳಗೆ ಒಂದು ಪ್ರಶ್ನೆಯೂ ಅಡಗಿದೆ. ಒಂದು ಕೈ ಸೋತ ಮೇಲೆ ಆ ಹೆಸರು ನಿಲ್ಲುತ್ತದೆಯೆ? ಪುಣೆಯ ಚಂದ್ರಕಾಂತ ಗುಲಾಬರಾವ್ ಬೋರ್ಡೆ ಅವರ ಆಟದ ಬದುಕನ್ನು ಓದುವವರಿಗೆ ಈ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ.

ಪುಣೆಯೆಂದರೆ ಭಾಂಡಾರಕರ್ ಪ್ರಾಚ್ಯವಿದ್ಯಾ ಸಂಸ್ಥೆಯ ಊರು, ಡೆಕ್ಕನ್ ಕಾಲೇಜಿನ ಊರು ಎಂದು ವಿದ್ವಾಂಸರು ನೆನೆಯುವುದುಂಟು. ಅಲ್ಲಿ ವಿದ್ಯೆಗೂ ಕ್ರಿಕೆಟ್ಟಿಗೂ ವಿರೋಧವಿರಲಿಲ್ಲ. ಮಹಾರಾಷ್ಟ್ರಕ್ಕೆ 1939-40 ಮತ್ತು 1940-41ರಲ್ಲಿ ಸತತವಾಗಿ ರಣಜಿ ಟ್ರೋಫಿಯನ್ನು ಗೆದ್ದುಕೊಟ್ಟ ದಿ. ಬ. ದೇವಧರರು ಸಂಸ್ಕೃತದ ಪ್ರಾಧ್ಯಾಪಕರು. ನೂರು ವರ್ಷ ದಾಟಿ ಬಾಳಿ 1993ರಲ್ಲಿ ತೀರಿಕೊಂಡರು. ಭಾವುಸಾಹೇಬ ನಿಂಬಾಳ್ಕರರು ಕಾಠಿಯಾವಾಡದ ವಿರುದ್ಧ 443 ರನ್ ಗಳಿಸಿ ಅಜೇಯರಾಗುಳಿದದ್ದೂ 1948ರಲ್ಲಿ ಇದೇ ಊರಿನಲ್ಲಿ. ಬ್ರಾಡ್ಮನ್ನರ ದಾಖಲೆಗೆ ಇನ್ನೇನು ಒಂಬತ್ತು ರನ್ ಬೇಕೆನ್ನುವಾಗ ಎದುರಾಳಿಗಳು ಆಟವನ್ನೇ ಬಿಟ್ಟು ಹೊರಟುಹೋದರು.

ಕನ್ನಡಿಗರು ಮರೆಯಬಾರದ ಇನ್ನೊಂದು ಹೆಸರು ಪಾಲವಣಕರ್ ಬಾಳೂ ಅವರದು. ಧಾರವಾಡದಲ್ಲಿ ಹುಟ್ಟಿದ ಈ ದಲಿತ ಬೌಲರ್ ಪೂನಾ ಕ್ಲಬ್ಬಿನಲ್ಲಿ ಮೈದಾನದ ಕೆಲಸಕ್ಕಿದ್ದುಕೊಂಡು ಆಂಗ್ಲ ಅಧಿಕಾರಿಗಳಿಗೆ ಗಂಟೆಗಟ್ಟಲೆ ಚೆಂಡೆಸೆದರು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಪಡೆದರು. ಆದರೆ ಪೂನಾ ಕ್ಲಬ್ಬಿನಲ್ಲಿ ಅವರ ಕೈಗೆ ಯಾರೂ ಬ್ಯಾಟು ಕೊಡಲಿಲ್ಲ. ಬ್ಯಾಟು ಧಣಿಗಳ ವಸ್ತು, ಚೆಂಡು ಆಳಿನದು ಎಂಬುದು ಆ ಕಾಲದ ನಡವಳಿಕೆ. ಸವ್ಯಸಾಚಿಯಾಗಲು ಪ್ರತಿಭೆಯೊಂದೇ ಸಾಲದು, ಎರಡನೆಯ ಆಯುಧವನ್ನು ಮುಟ್ಟಲು ಬಿಡುವ ಸಮಾಜವೂ ಬೇಕು.

ಬೋರ್ಡೆಯವರು ಹುಟ್ಟಿದ್ದು 1934ರ ಜುಲೈ 21ರಂದು, ಪುಣೆಯ ಒಂದು ಮರಾಠಿ ಕ್ರೈಸ್ತ ಕುಟುಂಬದಲ್ಲಿ. ಹದಿಹರೆಯ ಕಳೆಯುವ ಮೊದಲೇ ಮಹಾರಾಷ್ಟ್ರದ ಪರವಾಗಿ ಆಡಿ, ಬಳಿಕ ಬರೋಡಾ ಸೇರಿದರು. ಅಲ್ಲಿ ಅವರಿಗೆ ದೊರೆತ ಹಿರಿಯರು ವಿಜಯ್ ಹಜಾರೆ. 1957-58ರಲ್ಲಿ ಬರೋಡಾ ರಣಜಿ ಟ್ರೋಫಿಯನ್ನು ಗೆದ್ದ ಮರುವರ್ಷವೇ ಬೋರ್ಡೆ ಟೆಸ್ಟ್ ಆಟಗಾರರಾದರು. ನೇರವಾದ ಬ್ಯಾಟು, ಅವಸರವಿಲ್ಲದ ಕಾಲ್ಚಲನೆ, ಜೊತೆಗೆ ಲೆಗ್ ಸ್ಪಿನ್ ಹಾಗೂ ಗೂಗ್ಲಿ: ಅವರ ಬತ್ತಳಿಕೆಯಲ್ಲಿದ್ದುದು ಇಷ್ಟು.

1958-59ರ ಸರಣಿ ಭಾರತಕ್ಕೆ ಅವಮಾನಕರವಾಗಿತ್ತು. ಐದು ಟೆಸ್ಟುಗಳಿಗೆ ನಾಲ್ವರು ನಾಯಕರು. ಹಾಲ್ ಮತ್ತು ಗಿಲ್‌ಕ್ರಿಸ್ಟರ ವೇಗಕ್ಕೆ ದಾಂಡಿಗರೆಲ್ಲ ತತ್ತರಿಸಿದ್ದರು. ದೆಹಲಿಯ ಕೊನೆಯ ಟೆಸ್ಟಿನಲ್ಲಿ ವೆಸ್ಟ್ ಇಂಡೀಸ್ 644 ರನ್ ಪೇರಿಸಿತು. ಬೋರ್ಡೆ ಮೊದಲ ಇನ್ನಿಂಗ್ಸಿನಲ್ಲಿ 109 ಹೊಡೆದರು. ಎರಡನೆಯದರಲ್ಲಿ 96ಕ್ಕೆ ಬಂದಾಗ, ಒಂದೇ ಟೆಸ್ಟಿನ ಎರಡೂ ಇನ್ನಿಂಗ್ಸುಗಳಲ್ಲಿ ಶತಕ ಗಳಿಸಿದ ಎರಡನೆಯ ಭಾರತೀಯರಾಗಲು ನಾಲ್ಕೇ ರನ್ ಬೇಕಿತ್ತು. ಮೊದಲನೆಯವರು ಅವರ ಗುರುಸಮಾನರಾದ ಹಜಾರೆಯವರೇ. ಗಿಲ್‌ಕ್ರಿಸ್ಟರ ಚೆಂಡನ್ನು ಹೊಡೆಯಹೋಗಿ ಬೋರ್ಡೆ ತಮ್ಮ ವಿಕೆಟ್ಟನ್ನು ತಾವೇ ಕೆಡವಿಕೊಂಡರು. ಪಂದ್ಯವೇನೋ ಉಳಿಯಿತು. ಅಂಕಪಟ್ಟಿಯಲ್ಲಿ 'ಹಿಟ್ ವಿಕೆಟ್' ಎಂಬ ಎರಡು ಪದಗಳು ಮಾತ್ರ ಹಾಗೆಯೇ ನಿಂತಿವೆ.

ಅವರ ಎರಡು ಕೈಗಳೂ ಒಂದಾಗಿ ದುಡಿದದ್ದನ್ನು ನೋಡಬೇಕಾದರೆ 1961-62ರ ಕಲಕತ್ತೆಗೆ ಹೋಗಬೇಕು. ಇಂಗ್ಲೆಂಡಿನ ವಿರುದ್ಧ ಬ್ಯಾಟಿನಿಂದ 68 ಮತ್ತು 61. ಚೆಂಡಿನಿಂದ ಮೊದಲ ಇನ್ನಿಂಗ್ಸಿನಲ್ಲೇ 65 ರನ್ನಿಗೆ ನಾಲ್ಕು ವಿಕೆಟ್. ಭಾರತ 187 ರನ್ನುಗಳಿಂದ ಗೆದ್ದಿತು. ಮುಂದೆ ಮದರಾಸಿನಲ್ಲೂ ಗೆದ್ದು, ಇಂಗ್ಲೆಂಡಿನ ಮೇಲೆ ಮೊದಲ ಬಾರಿಗೆ ಸರಣಿಯನ್ನು ಜಯಿಸಿತು. ಇನ್ನೊಂದು ತುದಿಯಿಂದ ಬೌಲ್ ಮಾಡುತ್ತಿದ್ದವರು ಸಲೀಂ ದುರಾನಿ. ಜನ ಕೇಳಿದತ್ತ ಸಿಕ್ಸರ್ ಹೊಡೆಯುತ್ತಿದ್ದರೆಂಬ ಕಥೆಗಳು ದುರಾನಿಯವರ ಸುತ್ತ ಬೆಳೆದವು. ಬೋರ್ಡೆಯವರ ಸುತ್ತ ಅಂಥ ಕಥೆಗಳಿಲ್ಲ. ಆದರೂ ಪ್ರೇಕ್ಷಕರ ಪ್ರೀತಿಗೆ ಅವರಲ್ಲಿ ಕೊರತೆಯಿರಲಿಲ್ಲ. ಜನಪ್ರಿಯತೆಯೆಂದರೆ ಬರಿಯ ಬೀಸುಹೊಡೆತವೆಂದು ತಿಳಿದವರು 1964ರ ಅಕ್ಟೋಬರಿನ ಮುಂಬಯಿಯನ್ನು ನೆನೆಯಬೇಕು.

ಆಸ್ಟ್ರೇಲಿಯದ ವಿರುದ್ಧ ಗೆಲ್ಲಲು 254 ಬೇಕಾಗಿತ್ತು. ಪಟೌಡಿ, ಮಾಂಜ್ರೇಕರ್ ಇಬ್ಬರೂ ನಿರ್ಗಮಿಸಿದಾಗ ಎಂಟು ವಿಕೆಟ್ಟಿಗೆ 224. ಉಳಿದ ಮೂವತ್ತು ರನ್ನಿಗೆ ಬೋರ್ಡೆಯವರ ಜೊತೆಗಿದ್ದವರು ವಿಕೆಟ್ ಕೀಪರ್ ಇಂದ್ರಜಿತ್‌ಸಿಂಹಜಿ. ಬ್ರೇಬೋರ್ನ್ ಕ್ರೀಡಾಂಗಣದ ಜನಸ್ತೋಮ ಒಂದೊಂದು ರನ್ನಿಗೂ ಉಸಿರು ಹಿಡಿಯಿತು. ಗೆಲುವಿನ ಹೊಡೆತ ಬೌಂಡರಿಗೆ ಹೋದದ್ದು ಬೋರ್ಡೆಯವರ ಬ್ಯಾಟಿನಿಂದ. ಅವರು 30 ರನ್ ಗಳಿಸಿ ಅಜೇಯರಾಗಿದ್ದರು. ಅಂದು ವಿಜಯದಶಮಿ. ಐದು ಟೆಸ್ಟ್ ಶತಕಗಳನ್ನು, ಪಾಕಿಸ್ತಾನದ ವಿರುದ್ಧದ ಅಜೇಯ 177ನ್ನು ಕೂಡ ಬದಿಗಿಟ್ಟು ಈ ಮೂವತ್ತನ್ನು ಎತ್ತಿ ಹಿಡಿದರೆ ತಪ್ಪಾಗದು.

ಅದೇ ಸುಮಾರಿಗೆ ಭುಜ ಕೈಕೊಟ್ಟಿತು. ಲೆಗ್ ಸ್ಪಿನ್ನಿಗೆ ಬೆರಳು, ಮಣಿಕಟ್ಟುಗಳಷ್ಟೇ ಭುಜವೂ ಬೇಕು. ಬೌಲಿಂಗ್ ಕ್ರಮೇಣ ನಿಂತೇಹೋಯಿತು. 55 ಟೆಸ್ಟುಗಳಲ್ಲಿ ವಿಕೆಟ್ಟುಗಳು 52ರ ಆಚೆ ದಾಟಲಿಲ್ಲ. ಪ್ರಥಮ ದರ್ಜೆಯ ಆಟದಲ್ಲಿ 27ರ ಸರಾಸರಿಯಲ್ಲಿ 331 ವಿಕೆಟ್ ಪಡೆದವರಿಗೆ ಟೆಸ್ಟಿನಲ್ಲಿ 46ರ ಸರಾಸರಿ ಅಂಟಿಕೊಂಡಿತು. 1966ರಲ್ಲಿ ಸರ್ಕಾರ ಅವರಿಗೆ ಅರ್ಜುನನ ಹೆಸರಿನ ಪ್ರಶಸ್ತಿಯನ್ನೇ ನೀಡಿದಾಗ ಸವ್ಯಸಾಚಿಯ ಒಂದು ಕೈ ಆಗಲೇ ಸೋತಿತ್ತು. ಇನ್ನೊಂದು ಕೈಯಂತೂ ಬಳಲಲಿಲ್ಲ. ಅದೇ ವರ್ಷದ ಕೊನೆಗೆ ಮುಂಬಯಿಯಲ್ಲಿ ಹಾಲ್, ಗ್ರಿಫಿತ್, ಸೋಬರ್ಸ್, ಗಿಬ್ಸರನ್ನೆದುರಿಸಿ 121. ಮರುತಿಂಗಳು ಮದರಾಸಿನಲ್ಲಿ 125. ಮೈಸೂರಿನ ಚಂದ್ರಶೇಖರ್ ಹನ್ನೊಂದು ವಿಕೆಟ್ ಕಿತ್ತರೂ ಸೋತ ಪಂದ್ಯ ಆ ಮುಂಬಯಿಯದು.

ನಾಯಕತ್ವ ಒಮ್ಮೆ ಮಾತ್ರ ಬಂದಿತು. 1967ರ ಡಿಸೆಂಬರಿನಲ್ಲಿ, ಪಟೌಡಿ ಗಾಯಗೊಂಡಿದ್ದರಿಂದ, ಅಡಿಲೇಡಿನಲ್ಲಿ. ಹಜಾರೆಯವರು ಇಪ್ಪತ್ತು ವರ್ಷಗಳ ಹಿಂದೆ ಎರಡು ಶತಕಗಳನ್ನು ಹೊಡೆದದ್ದು ಅದೇ ಅಂಗಳದಲ್ಲಿ. ಅಬಿದ್ ಅಲಿ ತಮ್ಮ ಮೊದಲ ಟೆಸ್ಟಿನಲ್ಲೇ ಆರು ವಿಕೆಟ್ ಪಡೆದರು, ಮೈಸೂರಿನ ಸುಬ್ರಹ್ಮಣ್ಯ ಎರಡನೆಯ ಇನ್ನಿಂಗ್ಸಿನಲ್ಲಿ ಕೆಚ್ಚಿನಿಂದ ಆಡಿದರು. ಭಾರತ 146 ರನ್ನುಗಳಿಂದ ಸೋತಿತು. ಪಟೌಡಿ ಮರಳಿದರು, ಬೋರ್ಡೆ ಪಕ್ಕಕ್ಕೆ ಸರಿದರು.

ಅವರ ಕೊನೆಯ ಟೆಸ್ಟ್ 1969ರ ನವೆಂಬರಿನಲ್ಲಿ, ಮುಂಬಯಿಯಲ್ಲಿ. ಮುಂದಿನ ಟೆಸ್ಟಿಗೆ ತಂಡ ಕಾನಪುರಕ್ಕೆ ಹೋದಾಗ ಅವರಿರಲಿಲ್ಲ. ಭದ್ರಾವತಿಯಲ್ಲಿ ಹುಟ್ಟಿದ ಇಪ್ಪತ್ತರ ತರುಣ ವಿಶ್ವನಾಥ್ ಇದ್ದರು, ಮೊದಲು ಸೊನ್ನೆ, ಆಮೇಲೆ 137. ಕರ್ನಾಟಕಕ್ಕೆ ಅದು ಹಬ್ಬ. ಪುಣೆಗೆ ಏನಾಗಿತ್ತೆಂದು ಇಲ್ಲಿ ಯಾರೂ ಕೇಳಿರಲಾರರು.

ಬೋರ್ಡೆಯವರು ಮಹಾರಾಷ್ಟ್ರಕ್ಕಾಗಿ ಮತ್ತೆ ಕೆಲವು ವರ್ಷ ಆಡಿದರು, ಆಮೇಲೆ ಆಯ್ಕೆ ಸಮಿತಿಯ ಅಧ್ಯಕ್ಷರಾದರು. ಸಚಿನ್ ತೆಂಡೂಲ್ಕರರ ಮೊದಲ ಪ್ರವಾಸವಾದ 1989ರ ಪಾಕಿಸ್ತಾನ ಯಾತ್ರೆಗೆ ಅವರೇ ಮ್ಯಾನೇಜರ್. 2007ರಲ್ಲಿ, ಎಪ್ಪತ್ತೆರಡರ ವಯಸ್ಸಿನಲ್ಲಿ, ಇಂಗ್ಲೆಂಡಿಗೆ ಹೊರಟ ತಂಡದ ಜವಾಬ್ದಾರಿ ಮತ್ತೆ ಅವರ ಹೆಗಲೇರಿತು. ನಾಯಕರು ಬೆಂಗಳೂರಿನ ರಾಹುಲ್ ದ್ರಾವಿಡ್. 1986ರ ನಂತರ ಮೊದಲ ಬಾರಿಗೆ ಭಾರತ ಆ ನೆಲದಲ್ಲಿ ಟೆಸ್ಟ್ ಸರಣಿಯನ್ನು ಗೆದ್ದಿತು. ಕೊನೆಯ ಟೆಸ್ಟ್ ಓವಲ್ ಮೈದಾನದಲ್ಲಿ ನಡೆಯಿತು. ಹದಿನೇಳು ವರ್ಷ ಚೆಂಡನ್ನೇ ನಂಬಿ ಬಾಳಿದ್ದ ಅನಿಲ್ ಕುಂಬ್ಳೆ, ಅಲ್ಲಿ ತಮ್ಮ 118ನೆಯ ಟೆಸ್ಟಿನಲ್ಲಿ, ಬ್ಯಾಟು ಹಿಡಿದು ಅಜೇಯ 110 ರನ್ ಗಳಿಸಿದರು.